ಒಂದನೇ ಟೇಬಲ್ಲಿನ ಸೊಸೆ

ಸೊಸೆ ಒಂದು ಭಾನುವಾರ ಚೆಸ್ ಆಡಿ ಬರಲು ಆ ಮನೆಗೆ ಬೀಳುತ್ತಿದ್ದ ಖರ್ಚು ಹೀಗಿತ್ತು. ಬಸ್ಸಿಗೆ ಹೋಗಿ ಬರುವ ಚಾರ್ಜು. ಸಭಾಂಗಣದ ಬಾಡಿಗೆಯಲ್ಲಿ ಅವಳ ಪಾಲು. ಎರಡು ಟೀ, ಎದುರಾಳಿಗೂ ಕೊಡಿಸಿದರೆ ಮೂರು. ಇಷ್ಟೇ ಆಗಿದ್ದರೆ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇದರ ಮೇಲೆ ಅತ್ತೆಯ ಎರಡು ಮೊಣಕಾಲು, ಸಂಜೆ ಅವಕ್ಕೆ ತಿಕ್ಕುವ ಮುಲಾಮು, ಒಗೆಯದೆ ಸೋಮವಾರಕ್ಕೆ ಉಳಿಯುವ ಬಟ್ಟೆಯ ರಾಶಿ, ಮಗಳ ಒದ್ದೆ ಸಾಕ್ಸು. ಕೊನೆಯದಾಗಿ, ಅತ್ತೆ ಮಾಡಿದ ಅಡುಗೆಯನ್ನು ಹೊಗಳುವ ಕೆಲಸ. ಅದು ಮನೆಯ ಮೂವರಿಗೂ ಸಮಪಾಲು.

ಆದರೂ ಆರು ವರ್ಷ ಈ ಖರ್ಚನ್ನು ಯಾರೂ ಪ್ರಶ್ನಿಸಲಿಲ್ಲ. ಏಕೆಂದರೆ ಸೊಸೆ ಕೂರುತ್ತಿದ್ದುದು ಒಂದನೇ ಟೇಬಲ್ಲಿನಲ್ಲಿ.

ಸೊಸೆಯ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಅವಳಿದ್ದ ಲ್ಯಾಬಿಗೆ ಕಳಿಸುತ್ತಿದ್ದರು. ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದ ಒಸಡು ಮಾಡಿ, ಒಂದೊಂದೇ ಹಲ್ಲು ನೆಟ್ಟು, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಅವಳು ವಾಪಸ್ಸು ಕಳಿಸುತ್ತಿದ್ದಳು. ಗಂಡ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದ. ಒಬ್ಬಳೇ ಮಗಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಗಣಿತಕ್ಕೂ ಅವಳಿಗೂ ಹಾವು ಮುಂಗುಸಿ. ಮನೆಯ ಹಿರಿಯಳು ಅತ್ತೆ. ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಊಟ ಬಡಿಸಿ ನಿವೃತ್ತಳಾದವಳು. ಅವಳ ಬಾಯಲ್ಲಿದ್ದ ಹಲ್ಲಿನ ಸೆಟ್ಟನ್ನು ಸೊಸೆಯೇ ಮಾಡಿಕೊಟ್ಟದ್ದು.

ಆ ಗಿರಣಿಯ ಕ್ಯಾಂಟೀನಿನಲ್ಲಿ ಒಂದನೇ ಟೇಬಲ್ಲು ಅಂದರೆ ಮ್ಯಾನೇಜರು, ಇಂಜಿನಿಯರು ಕೂರುವ ಜಾಗ. ಬಿಸಿ ಅನ್ನ ಮೊದಲು ಅಲ್ಲಿಗೆ, ಗಾಜಿನ ಲೋಟ ಅಲ್ಲಿಗೆ ಮಾತ್ರ. ಅತ್ತೆಯದೇ ಬೀಳ್ಕೊಡುಗೆಯ ದಿನವೂ ಅವಳನ್ನು ಕೂರಿಸಿದ್ದು ನಾಲ್ಕನೆಯದರಲ್ಲಿ. ಹೀಗಾಗಿ ಸೊಸೆ ವಾಚನಾಲಯದ ಚೆಸ್ ತಂಡ ಸೇರಿ ಮೊದಲ ಭಾನುವಾರ ಆಡಿ ಬಂದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಎಲ್ಲಿ ಕೂರಿಸಿದ್ರು ನಿನ್ನ?"

"ಒಂದನೇ ಟೇಬಲ್ಲಲ್ಲಿ."

ಅತ್ತೆ ಎದ್ದು ಅಡುಗೆಮನೆಗೆ ಹೋಗಿ, ಅನ್ನ ಬಿಸಿಮಾಡಿ ತಂದು ಸೊಸೆಗೆ ಬಡಿಸಿದಳು. ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ಮುಂದಿನ ಭಾನುವಾರದಿಂದ ಅಡುಗೆ ಅತ್ತೆಯದಾಯಿತು.

ನಿಜ ಏನೆಂದರೆ, ಸೊಸೆ ಬಹಳ ಸಾಧಾರಣ ಆಟಗಾರ್ತಿ. ಸಾಧಾರಣ ಅನ್ನುವುದೂ ಮರ್ಯಾದೆಗೆ. ತಂಡದಲ್ಲಿ ನಾಲ್ಕು ಜನ, ಎದುರು ತಂಡದಲ್ಲೂ ನಾಲ್ಕು. ಒಂದನೇ ಟೇಬಲ್ಲಿನವರು ಒಂದನೇ ಟೇಬಲ್ಲಿನವರ ಜೊತೆ ಆಡಬೇಕು, ಎರಡನೆಯವರು ಎರಡನೆಯವರ ಜೊತೆ. ಎಲ್ಲ ತಂಡಗಳೂ ತಮ್ಮ ಗಟ್ಟಿ ಕುಳವನ್ನು ಒಂದನೇ ಟೇಬಲ್ಲಿಗೆ ಕಳಿಸುತ್ತಿದ್ದವು. ವಾಚನಾಲಯ ತಂಡದ ಕ್ಯಾಪ್ಟನ್, ಪೇಟೆಯಲ್ಲಿ ಬಣ್ಣದಂಗಡಿ ಇಟ್ಟಿದ್ದವನು, ಲೆಕ್ಕದಲ್ಲಿ ಚುರುಕು. ಅವನು ಮೊದಲ ದಿನವೇ ಸೊಸೆಗೆ ಬಿಡಿಸಿ ಹೇಳಿದ್ದ:

"ಅಕ್ಕಾ, ನೀವು ಒಂದನೇದರಲ್ಲಿ ಕೂತ್ಕೊಳ್ಳಿ. ಅವರ ಹುಲಿ ನಿಮ್ಮನ್ನ ತಿನ್ನಲಿ. ಅದು ಹೊಟ್ಟೆ ತುಂಬಿಸ್ಕೊಳ್ಳೋವಾಗ ನಾವು ಮೂವರು ಉಳಿದೋರನ್ನ ನೋಡ್ಕೋತೀವಿ."

ಉಪಾಯ ಫಲಿಸಿತು. ಸೊಸೆ ತಪ್ಪದೆ ಸೋತಳು, ತಂಡ ಸಾಮಾನ್ಯವಾಗಿ ಗೆದ್ದಿತು. ಎರಡು ಸಲ ಗೆಲುವಿನ ಕಪ್ಪು ಬಂತು. ಸರದಿಯ ಪ್ರಕಾರ ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಕಪ್ಪು ಇರುತ್ತಿತ್ತು. ಇವರ ಮನೆಗೆ ಬಂದಾಗ ಅತ್ತೆ ಅದನ್ನು ಕಿಟಕಿಯಲ್ಲಿ, ಬೀದಿಗೆ ಮುಖಮಾಡಿ ಇಟ್ಟಳು. ಸೊಸೆ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಕೇಳದ್ದನ್ನು ಹೇಳಲಿಲ್ಲ. ಮನೆಯೊಳಗೆ ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ.

ಆಟದ ಋತು ಶುರುವಾಗಲು ಎರಡು ವಾರ ಇರುವಾಗ ಬಣ್ಣದಂಗಡಿಯವನು ವಾಚನಾಲಯದಲ್ಲಿ ಸೊಸೆಯನ್ನು ಪಕ್ಕಕ್ಕೆ ಕರೆದ.

"ಅಕ್ಕಾ, ಹೊಸ ನಿಯಮ ಬಂದಿದೆ. ಗಟ್ಟಿಯಾಗಿ ಆಡೋನು ಒಂದನೇದು, ಆಮೇಲೆ ಇಳೀತಾ ಹೋಗ್ಬೇಕಂತೆ. ನಮ್ಮ ಉಪಾಯ ಯಾರೋ ಹೋಗಿ ಊದಿದ್ದಾರೆ."

"ಹಾಗಾದ್ರೆ ನಾನು?"

"ನಾಲ್ಕು." ಅವನು ತಲೆ ಕೆರೆದುಕೊಂಡ. "ನಿಮಗೆ ಒಳ್ಳೇದೇ ಆಯ್ತಲ್ಲ. ಇನ್ಮೇಲೆ ಹುಲಿ ಬಾಯಿಗೆ ಹೋಗೋನು ನಾನು."

ಸೊಸೆ ಆವತ್ತು ಬಸ್ಸು ಹತ್ತಲಿಲ್ಲ. ಮಕ್ಕಳನ್ನು ಇಳಿಸಿ ಬರುವ ಗಂಡನ ವ್ಯಾನಿಗೆ ಕಾದು ನಿಂತಳು. ವ್ಯಾನಿನ ತುಂಬ ಬಿಸ್ಕತ್ತಿನ ಪುಡಿಯ ವಾಸನೆ. ಹಿಂದಿನ ಸೀಟಿನಲ್ಲಿ ಯಾವುದೋ ಮಗುವಿನ ಒಂಟಿ ಶೂ.

"ರೀ, ನಾನು ಆರು ವರ್ಷದಲ್ಲಿ ಒಂದು ಆಟಾನೂ ಗೆದ್ದಿಲ್ಲ."

ಅವನು ಗೇರು ಬದಲಿಸುವುದನ್ನು ಮರೆತ. ವ್ಯಾನು ನರಳಿತು.

"ಮತ್ತೆ ಕಪ್ಪು ಬಂತಲ್ಲ? ಎರಡು ಸಲ?"

ಹುಲಿ ಯಾರು, ಅದರ ಮುಂದೆ ಕಟ್ಟಿದ ಮೇಕೆ ಯಾರು, ಸೊಸೆ ಎಲ್ಲ ವಿವರಿಸಿದಳು. ಅವನು ವ್ಯಾನನ್ನು ರಸ್ತೆಯ ಬದಿಗೆ ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ನಗುತ್ತಾ ನಗುತ್ತಾ ಹಾರ್ನು ಒತ್ತಿಹೋಯಿತು. ಆಮೇಲೆ ತಟ್ಟನೆ ನಿಲ್ಲಿಸಿದ.

"ಅಮ್ಮ," ಅಂದ.

"ಅದೇ."

"ಅಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾಳೆ. ತರಕಾರಿಯವನಿಗೂ ಗೊತ್ತು. ಮೊನ್ನೆ ಅವನು ನನಗೆ ಸೌತೆಕಾಯಿ ಜಾಸ್ತಿ ಹಾಕ್ದ, ಒಂದನೇ ಟೇಬಲ್ಲಿನವರ ಯಜಮಾನ್ರು ಅಂತ." ಅವನು ವ್ಯಾನನ್ನು ಮತ್ತೆ ರಸ್ತೆಗೆ ಇಳಿಸಿದ. "ಒಂದು ಕೆಲಸ ಮಾಡು. ಬಿಟ್ಟುಬಿಡು. ಸಾಕಾಯ್ತು, ವಯಸ್ಸಾಯ್ತು ಅಂತ ಹೇಳು. ಮೇಲಿರೋವಾಗ್ಲೇ ಇಳಿದ್ರೆ ಮರ್ಯಾದೆ."

"ಬಿಡೋಕೆ ನನಗೆ ಇಷ್ಟ ಇಲ್ಲ."

"ಹಾಗಾದ್ರೆ ನಾಲ್ಕನೇ ಟೇಬಲ್ಲಿಗೆ ಯಾಕೆ ಇಳಿಸಿದ್ರು ಅಂತ ಅಮ್ಮ ಕೇಳಿದ್ರೆ ಏನು ಹೇಳ್ತೀಯಾ?"

ಮನೆ ಬರುವ ಹೊತ್ತಿಗೆ ಬಿಡುವುದೆಂದು ತೀರ್ಮಾನವಾಗಿತ್ತು.

ರಾತ್ರಿ ಊಟಕ್ಕೆ ಬೇಯಿಸಿದ ಮೊಟ್ಟೆ, ಅನ್ನ, ಹುರಿದ ಆಲೂಗಡ್ಡೆ. ಅತ್ತೆಗೆ ಹುರಿದದ್ದು ಆಗುತ್ತಿರಲಿಲ್ಲ. ಹಲ್ಲಿನ ಮೇಲಿನ ಸೆಟ್ಟು ಕೆಲವು ದಿನದಿಂದ ಸಡಿಲವಾಗಿ, ಗಟ್ಟಿಯಾದದ್ದೇನಾದರೂ ಕಚ್ಚಿದರೆ ಕುಣಿಯುತ್ತಿತ್ತು. ಅವಳು ಮೊಟ್ಟೆಯನ್ನು ಅನ್ನಕ್ಕೆ ಕಿವುಚುತ್ತಿದ್ದಾಗ ಸೊಸೆ ಹೇಳಿದಳು.

"ಅತ್ತೆ, ಈ ವರ್ಷದಿಂದ ನಾನು ಆಡೋಕೆ ಹೋಗಲ್ಲ. ನಿಮಗೂ ಮೊಣಕಾಲು ನೋವು. ಭಾನುವಾರದ ಅಡುಗೆ ನಾನೇ ನೋಡ್ಕೋತೀನಿ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು.

"ನನ್ನ ಮೊಣಕಾಲು ನಿನ್ನ ಹತ್ರ ದೂರು ಕೊಡ್ತಾ?"

"ಹಾಗಲ್ಲ ಅತ್ತೆ, ನನಗೂ ಸಾಕಾಗಿದೆ."

"ಸಾಕಾಗಿದೆ! ಒಂದನೇ ಟೇಬಲ್ಲು ಯಾರಿಗಾದ್ರೂ ಸಾಕಾಗುತ್ತೇನೇ? ನಾನು ಆ ಟೇಬಲ್ಲಿಗೆ ನೀರು ಇಡ್ತಾ ಇಡ್ತಾ ಮುದುಕಿಯಾದೆ, ಒಬ್ಬನೇ ಒಬ್ಬ ಸಾಕು ಅಂತ ಎದ್ದು ಹೋಗಿದ್ದು ನೋಡಿಲ್ಲ. ಹೆಣ ಎತ್ತಿದ ಹಾಗೆ ಎತ್ತಬೇಕಿತ್ತು ಅವರನ್ನ."

"ಅಮ್ಮ, ಅವಳಿಗೆ ಬೇಡ ಅಂದ್ರೆ ಬಿಡು," ಎಂದ ಮಗ.

"ನೀನು ಸುಮ್ನಿರು. ನಿನಗೆ ಬಿಟ್ಟಿ ಸೌತೆಕಾಯಿ ತಿಂದು ಗೊತ್ತು ಅಷ್ಟೆ." ಅತ್ತೆ ಮೊಮ್ಮಗಳ ಕಡೆ ತಿರುಗಿದಳು. "ನೋಡಿದ್ಯಾ ನಿಮ್ಮಮ್ಮನ್ನ? ಕೈಗೆ ಬಂದದ್ದನ್ನ ಒದೀತಾಳೆ. ನೀನು ಮೂವತ್ತೊಂಬತ್ತು ತಗೊಂಡು ಅಷ್ಟಕ್ಕೇ ಕುಣೀತೀಯಾ."

"ನನ್ನ ಮಾರ್ಕ್ಸು ಇಲ್ಲಿಗೆ ಯಾಕೆ ಬಂತು ಅಜ್ಜಿ?" ಎಂದು ಮಗಳು ತಟ್ಟೆ ಎತ್ತಿಕೊಂಡು ಎದ್ದಳು. ಆ ಮನೆಯಲ್ಲಿ ಯಾವ ಮಾತು ಎಲ್ಲಿಂದ ಹೊರಟರೂ ಕೊನೆಗೆ ಅವಳ ಗಣಿತದ ಮೇಲೆ ಬಂದು ಬೀಳುತ್ತಿತ್ತು. ಒಂದನೇ ಟೇಬಲ್ಲು ಅವಳ ಪಾಲಿಗೆ ಬೆತ್ತ.

ಮರುದಿನ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಅತ್ತೆ ಒಳ್ಳೆಯ ಸೀರೆ ಉಟ್ಟು, ಹಲ್ಲು ಹಾಕಿಕೊಂಡು, ಕೋಲು ಹಿಡಿದು ಪೇಟೆಗೆ ನಡೆದಳು. ಯಾರನ್ನೂ ಕೇಳಲಿಲ್ಲ. ಮನೆಯವರ ಬುದ್ಧಿಗೆ ಮಂಕು ಬಡಿದರೆ ಹೊರಗಿನವರಿಂದ ಹೇಳಿಸಬೇಕು ಎಂಬುದು ಅವಳ ಲೆಕ್ಕ.

ಬಣ್ಣದಂಗಡಿಯವನು ಡಬ್ಬಿಯೊಂದನ್ನು ಅಲುಗಾಡಿಸುವ ಯಂತ್ರಕ್ಕೆ ಸಿಕ್ಕಿಸುತ್ತಿದ್ದ. ಅತ್ತೆ ಸ್ಟೂಲಿನ ಮೇಲೆ ಕೂತು, ಯಂತ್ರದ ಗಲಾಟೆ ನಿಲ್ಲುವವರೆಗೆ ಕಾದಳು.

"ನೀನೇ ಅಲ್ವೇನಪ್ಪಾ ಕ್ಯಾಪ್ಟನ್ನು? ನಿನ್ನ ಒಂದನೇ ಟೇಬಲ್ಲು ಖಾಲಿ ಆಗ್ತಾ ಇದೆ. ನೀನು ಇಲ್ಲಿ ಡಬ್ಬಿ ಕುಣಿಸ್ತಾ ಕೂತಿದ್ದೀಯಾ."

ಅವನಿಗೆ ಇವಳು ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಖ ಅರಳಿತು.

"ಓ, ಅಕ್ಕನ ಅತ್ತೆಯಾ! ಏನಂತೆ, ಬೇಜಾರು ಮಾಡ್ಕೊಂಡ್ರಾ? ಅವರಿಗೆ ಹೇಳಿ ಅಮ್ಮಾ, ನಾಲ್ಕನೇ ಟೇಬಲ್ಲಿಗೂ ಜನ ಬೇಕಲ್ಲ. ಆರು ವರ್ಷ ನಮಗೋಸ್ಕರ ಹುಲಿ ಬಾಯಿಗೆ ತಲೆ ಕೊಟ್ಟೋರು ಅವರು. ಎಲ್ಲಾ ಆಟ ಸೋತು, ಒಂದು ದಿನ ಮುಖ ಸಿಂಡರಿಸಿಲ್ಲ. ಅಂಥಾ ಮೇಕೆ ನಮಗೆ ಇನ್ನೆಲ್ಲಿ ಸಿಗುತ್ತೆ ಹೇಳಿ?"

ಅವನು ಮನಃಪೂರ್ವಕವಾಗಿ ಹೊಗಳುತ್ತಿದ್ದ. ಅತ್ತೆ ಎದುರಿಗಿದ್ದ ಬಣ್ಣದ ಮಾದರಿ ಕಾರ್ಡನ್ನು ಕೈಗೆತ್ತಿಕೊಂಡು, ಹಸಿರಿನ ಪುಟ ತೆರೆದು, ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ನೋಡತೊಡಗಿದಳು.

"ಅಮ್ಮಾ, ಬಣ್ಣ ಏನಾದ್ರೂ ಬೇಕಿತ್ತಾ?"

"ಮತ್ತೆ ಯಾಕೆ ಬಂದೆ ಅಂದ್ಕೊಂಡೆ?" ಎಂದಳು ಅತ್ತೆ. "ಇದು ಕೊಡು. ಚಿಕ್ಕ ಡಬ್ಬಿ."

ಸಂಜೆ ಸೊಸೆ ಮನೆಗೆ ಬಂದಾಗ ಬಾಗಿಲ ಹಿಂದೆ ಹಸಿರು ಬಣ್ಣದ ಡಬ್ಬಿ ಇತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟಲು ನೀರಿನಲ್ಲಿ ಅತ್ತೆಯ ಹಲ್ಲು ಮುಳುಗಿತ್ತು. ಆ ಮನೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ಸಿಟ್ಟು ಬಂದರೆ ಅತ್ತೆ ಹಲ್ಲು ತೆಗೆದಿಡುತ್ತಿದ್ದಳು. ಊಟವೂ ಇಲ್ಲ, ಮಾತೂ ಇಲ್ಲ. ಗಂಜಿ ಕುಡಿದು ಗೋಡೆಗೆ ಮುಖ ಮಾಡುತ್ತಿದ್ದಳು. ಸಾಮಾನ್ಯವಾಗಿ ಒಂದು ದಿನ, ಜೋರಿದ್ದರೆ ಎರಡು. ಈ ಸಲ ಗುರುವಾರ ಮುಳುಗಿದ ಹಲ್ಲು ಶನಿವಾರವಾದರೂ ಮೇಲೇಳಲಿಲ್ಲ.

ಶನಿವಾರ ಸಂಜೆ ಸೊಸೆ ಬಟ್ಟೆ ಮಡಚುತ್ತಿದ್ದಾಗ ಅತ್ತೆ ಗೋಡೆಯ ಕಡೆಯಿಂದ ತಿರುಗಿದಳು. ಬೈಗುಳ ಶುರುವಾಯಿತು. ಆದರೆ ಬಾಯಲ್ಲಿ ಹಲ್ಲಿಲ್ಲ, ಗಾಳಿ ಮಾತ್ರ ಬರುತ್ತಿತ್ತು. ಗಂಡ, ಮಗಳು ಇಬ್ಬರೂ ಬಂದು ನಿಂತರು.

"ಅತ್ತೆ, ಹಲ್ಲು ಹಾಕ್ಕೊಂಡು ಬೈಯಿರಿ," ಎಂದಳು ಸೊಸೆ. "ಏನೂ ಅರ್ಥ ಆಗ್ತಿಲ್ಲ."

ಮಗಳು ಬಟ್ಟಲು ತಂದುಕೊಟ್ಟಳು. ಅತ್ತೆ ಎಲ್ಲರಿಗೂ ಬೆನ್ನು ಹಾಕಿ ಹಲ್ಲು ಸಿಕ್ಕಿಸಿಕೊಂಡು, ಮತ್ತೆ ತಿರುಗಿದಳು.

"ಮೇಕೆ! ಮೇಕೆ ಅಂದ ಅವನು ನಿನ್ನ! ನನ್ನ ಸೊಸೆಯನ್ನ, ನನ್ನ ಎದುರಿಗೆ! ಆರು ವರ್ಷ ಈ ಕಾಲಲ್ಲಿ ನಿಂತು ಬೇಯಿಸಿದ್ದು ಹುಲಿಗೆ ಕಟ್ಟೋ ಮೇಕೆಗಾ?"

"ನಾನು ಅಡುಗೆ ಮಾಡಿ ಅಂತ ಕೇಳಿರ್ಲಿಲ್ಲ ಅತ್ತೆ."

"ಕೇಳ್ಲಿಲ್ಲ, ಅದಕ್ಕೇ ಮಾಡ್ದೆ. ಕೇಳಿದ್ರೆ ಮಾಡ್ತಿದ್ನಾ?"

"ಹೇಳ್ಬೇಕಿತ್ತು. ತಪ್ಪಾಯ್ತು. ಬಿಸಿ ಅನ್ನ ತಂದು ಮುಂದೆ ಇಟ್ರಿ. ಆಮೇಲೆ ಬಾಯಿ ಬರ್ಲಿಲ್ಲ."

"ನಾನು ಮೊದಲು ಭಾನುವಾರ ಎಲ್ಲಿಗೆ ಹೋಗ್ತಿದ್ದೆ, ನೆನಪಿದೆಯಾ?"

ಸೊಸೆಗೆ ನೆನಪಾಯಿತು. ಅತ್ತೆ ಆಗ ಪ್ರತಿ ಭಾನುವಾರ ತಂಗಿಯ ಮನೆಗೆ ಹೋಗುತ್ತಿದ್ದಳು. ಅಕ್ಕ ತಂಗಿ ಇಸ್ಪೀಟು ಆಡಿ, ಜಗಳಾಡಿ, ಸಂಜೆ ನಗುತ್ತಾ ಬೀಳ್ಕೊಳ್ಳುತ್ತಿದ್ದರು. ಅಡುಗೆ ಹಿಡಿದ ಮೇಲೆ ಅದು ನಿಂತುಹೋಗಿತ್ತು. ಯಾವಾಗ ನಿಂತಿತು ಎಂದು ಈ ಮೂವರಲ್ಲಿ ಯಾರೂ ಗಮನಿಸಿರಲಿಲ್ಲ.

ಮಗಳು ಖಾಲಿ ಬಟ್ಟಲನ್ನು ಕೆಳಗಿಟ್ಟಳು.

"ಅಮ್ಮಾ, ಒಂದೂ ಗೆದ್ದಿಲ್ವಾ? ನಿಜವಾಗ್ಲೂ?"

"ಒಂದು ಸಲ ಡ್ರಾ ಆಗಿತ್ತು. ಎದುರಿಗಿದ್ದವನಿಗೆ ಜ್ವರ ಇತ್ತು."

ಮಗಳು ಮಡಚಿಟ್ಟ ಬಟ್ಟೆಯ ಮೇಲೆಯೇ ದೊಪ್ಪನೆ ಕೂತಳು. "ದೇವ್ರೇ! ಆರು ವರ್ಷ ನಾನು ಆ ಟೇಬಲ್ಲನ್ನ ತಲೆ ಮೇಲೆ ಹೊತ್ಕೊಂಡು ತಿರುಗಿದ್ದೀನಿ! ಅಮ್ಮ ಒಂದನೇ ಟೇಬಲ್ಲು, ನೀನು ಮೂವತ್ತೊಂಬತ್ತು, ಅಮ್ಮ ಒಂದನೇ ಟೇಬಲ್ಲು, ನೀನು ನಲವತ್ತೊಂದು. ಅಮ್ಮನಿಗೆ ಸೊನ್ನೆ ಅಂತ ಮೊದಲೇ ಹೇಳಿದ್ರೆ ನಾನು ಈ ಮನೆಯಲ್ಲಿ ರಾಣಿ ಥರ ಇರ್ತಿದ್ದೆ."

ಗಂಡ ಬಾಯಿಗೆ ಟವೆಲ್ಲು ಅಡ್ಡ ಹಿಡಿದ. ಅತ್ತೆ ಅವನನ್ನು ದುರುಗುಟ್ಟಿ ನೋಡಿದಳು.

"ಅಷ್ಟು ಸೋತ್ರೂ ಯಾಕೆ ಹೋಗ್ತಿದ್ದೆ ಅಮ್ಮಾ?"

ಸೊಸೆ ಕೈಯಲ್ಲಿದ್ದ ದಿಂಬಿನ ಚೀಲವನ್ನು ಎರಡು ಸಲ ಮಡಚಿದಳು. "ಲ್ಯಾಬಲ್ಲಿ ಒಂದು ಹಲ್ಲು ತಪ್ಪಿದ್ರೆ ಯಾರದೋ ಬಾಯಿ ನೋಯುತ್ತೆ. ಮನೇಲಿ ಉಪ್ಪು ತಪ್ಪಿದ್ರೆ ನಾಲ್ಕು ಮುಖ ಊದುತ್ತೆ. ಅಲ್ಲಿ ತಪ್ಪಿದ್ರೆ ಒಂದು ಕುದುರೆ ಹೋಗುತ್ತೆ, ಅಷ್ಟೇ. ಯಾರಿಗೂ ನೋಯಲ್ಲ. ಮತ್ತೆ ಆ ನಾಲ್ಕು ಗಂಟೆ ನನ್ನನ್ನ ಯಾರೂ ಅದೆಲ್ಲಿದೆ, ಇದೆಲ್ಲಿದೆ ಅಂತ ಕೇಳಲ್ಲ."

"ಅದಕ್ಕೇ ಭಾನುವಾರ ನನಗೆ ಟವೆಲ್ಲು ಸಿಗ್ತಿರ್ಲಿಲ್ಲ," ಎಂದ ಗಂಡ. ಯಾರೂ ನಗಲಿಲ್ಲ.

ಅತ್ತೆ ಕೋಲು ಊರಿ ಎದ್ದಳು. "ನಾಳೆ ನಾನು ತಂಗಿ ಮನೆಗೆ ಹೋಗ್ತೀನಿ. ನೀನು ಆಡೋಕಾದ್ರೂ ಹೋಗು, ಕಾಡಿಗಾದ್ರೂ ಹೋಗು. ಇನ್ಮೇಲೆ ಭಾನುವಾರ ನನ್ನ ಕೈ ಒಲೆಗೆ ತಾಗಲ್ಲ."

ಭಾನುವಾರ ಬೆಳಗ್ಗೆ ಹೇಳಿದಂತೆ ಹೋದಳು. ಸೊಸೆ ಮನೆಯಲ್ಲೇ ಉಳಿದು ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಹಸಿರು ಡಬ್ಬಿಯನ್ನು ಮೂರು ಸಲ ಅಲ್ಲಿಂದ ಇಲ್ಲಿಗೆ ಎತ್ತಿಟ್ಟಳು. ಸಂಜೆಯಾಗುತ್ತಿದ್ದಂತೆ ಮೂವರೂ ಕಿಟಕಿ ನೋಡತೊಡಗಿದರು. ಆರು ವರ್ಷದ ಮೇಲೆ ಹೋದವಳು, ಅದೂ ಇಂಥ ಸಿಟ್ಟಿನಲ್ಲಿ. ಅಲ್ಲೇನು ರಾಮಾಯಣವೋ.

ಕತ್ತಲಾಗುವ ಹೊತ್ತಿಗೆ ಅತ್ತೆ ಬಂದಳು. ಮುಖ ಕೆಂಪಾಗಿತ್ತು. ಕುರ್ಚಿಯಲ್ಲಿ ಕೂತು ಚಪ್ಪಲಿ ಕಳಚುತ್ತಾ ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕಳು. ಮೇಲಿನ ಸೆಟ್ಟು ಜಾರಿತು, ಅದನ್ನು ಬೆರಳಿನಿಂದ ಒತ್ತಿಕೊಂಡಳು.

"ಏನಾಯ್ತಮ್ಮ?"

"ಬಾಗಿಲು ತೆಗೀತಾ ಇದ್ದ ಹಾಗೇ ಕೇಳಿದ್ಳು, ಏನಕ್ಕಾ, ಒಂದನೇ ಟೇಬಲ್ಲು ಹೇಗಿದೆ ಅಂತ. ಕೊಂಕು. ನನಗೆ ರೇಗಿತು. ಮೇಕೆ ಕಣೇ ಅದು, ಆರು ವರ್ಷ ಸೋತಿದ್ದಾಳೆ ಅಂದೆ. ಅವಳು ನಕ್ಕಳು ನೋಡು, ಇಸ್ಪೀಟೆಲ್ಲ ನೆಲಕ್ಕೆ ಬಿತ್ತು. ಆಮೇಲೆ ಏನಂದ್ಳು ಗೊತ್ತಾ? ಅಕ್ಕಾ, ನೀನು ಬರೋದು ಬಿಟ್ಟಾಗ ನಾನು ಕರೀಲಿಲ್ಲ ಯಾಕೆ ಅಂದ್ರೆ, ಫೋನೆತ್ತಿದ್ರೆ ನಿನ್ನ ಸೊಸೆ ಟೇಬಲ್ಲು, ಟೇಬಲ್ಲು. ನನ್ನ ಸೊಸೆ ಕುರ್ಚಿಯಿಂದ ಏಳೋದಿಲ್ಲ, ನಾನೇನು ಹೇಳ್ಕೊಳ್ಲಿ ಅಂತ." ಅತ್ತೆ ಕಣ್ಣು ಒರೆಸಿಕೊಂಡಳು. "ಹೋಗ್ಲಿ. ನನ್ನ ಹತ್ರ ಹನ್ನೆರಡು ರೂಪಾಯಿ ಗೆದ್ಕೊಂಡ್ಳು, ಕಳ್ಳಿ. ಮುಂದಿನ ವಾರ ವಸೂಲಿ ಮಾಡ್ಬೇಕು."

ಮನೆಯಲ್ಲಿ ಎಲ್ಲರಿಗೂ ಉಸಿರು ಬಂತು. ಮಗಳು ಅಜ್ಜಿಗೆ ನೀರು ತಂದಳು. ಗಂಡ ಸೊಸೆಯನ್ನು ಅಡುಗೆಮನೆಯಲ್ಲಿ ಹಿಡಿದ.

"ಗಂಟು ಬಿಚ್ಚಿಹೋಯ್ತಲ್ಲ. ಈಗ ಹೋಗು, ಆಡು. ಮುಚ್ಚಿಡೋದೇನಿದೆ?"

ಸೊಸೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಒಂದನೇ ಟೇಬಲ್ಲಲ್ಲಿ ಸೋತ್ರೆ ಅದು ಸೇವೆ ರೀ. ನಾಲ್ಕನೇದರಲ್ಲಿ ಸೋತ್ರೆ ಬರೀ ಸೋಲು. ಅಲ್ಲಿ ಹುಲಿ ಇರಲ್ಲ. ನನ್ನಂಥವರೇ ಇರ್ತಾರೆ. ಅವರ ಕೈಲೂ ಸೋತ್ರೆ?"

"ಸೋತ್ರೆ ಸೋತೆ."

"ಹೇಳೋದು ಸುಲಭ. ನೀವು ವ್ಯಾನು ಗುದ್ದಿದಾಗ ಮೂರು ದಿನ ಊಟ ಬಿಟ್ಟಿದ್ರಿ."

"ಅದು ಗೋಡೆ. ಗೋಡೆ ಮುಂದೆ ಬಂತು," ಎಂದು ಅವನು ಹೊರಗೆ ಹೋದ.

ವಾರವೆಲ್ಲ ಸೊಸೆ ಆ ಮಾತೆತ್ತಲಿಲ್ಲ. ಬಣ್ಣದಂಗಡಿಯವನು ಎರಡು ಸಲ ಫೋನು ಮಾಡಿ, ಶುಕ್ರವಾರದೊಳಗೆ ಹೇಳಬೇಕು, ಇಲ್ಲದಿದ್ದರೆ ನಾಲ್ಕನೇ ಕುರ್ಚಿ ಖಾಲಿ ಬಿಟ್ಟು ಆಡಬೇಕಾಗುತ್ತದೆ ಎಂದ. ಸೊಸೆ ನೋಡೋಣ ಅಂದಳು. ಬುಧವಾರ ಅವಳು ಅತ್ತೆಯ ಮೇಲಿನ ಸೆಟ್ಟನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಲ್ಯಾಬಿಗೆ ಒಯ್ದಳು. ಅದರ ಹಿಂದಿನ ಸಂಜೆಯೇ ಅತ್ತೆಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ಹೊಸದಾಗಿ ಅಚ್ಚು ತೆಗೆದಿದ್ದಳು. ಒಸಡು ಸವೆದು ತಗ್ಗಾಗಿತ್ತು. ಸೆಟ್ಟಿನ ಒಳಮೈಗೆ ಹೊಸ ಪದರ ಕೊಟ್ಟು, ಬೇಯಿಸಿ, ಅಂಚನ್ನು ಉಜ್ಜಿ, ನಾಲಿಗೆ ತಾಗುವ ಕಡೆಯನ್ನು ಕನ್ನಡಿಯಂತೆ ನುಣುಪು ಮಾಡಿ ಗುರುವಾರ ಸಂಜೆ ತಂದಳು. ಒಂದೂವರೆ ದಿನ ಮೇಲಿನ ಹಲ್ಲಿಲ್ಲದ ಅತ್ತೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿಂದು ರೋಸಿಹೋಗಿದ್ದಳು.

"ಕಚ್ಚಿ ನೋಡಿ."

ಅತ್ತೆ ಕಚ್ಚಿದಳು. "ಎಡಗಡೆ ಒತ್ತುತ್ತೆ."

ಸೊಸೆ ತೆಗೆದುಕೊಂಡು ಚಿಕ್ಕ ಅರದಿಂದ ತೀಡಿದಳು. "ಈಗ?"

"ಸ್ವಲ್ಪ."

ಮತ್ತೆ ತೀಡಿದಳು. ಮೂರನೆಯ ಸಲಕ್ಕೆ ಅತ್ತೆ ಸೇಬಿನ ಹೋಳೊಂದನ್ನು ಕರಕರನೆ ಕಚ್ಚಿ ಅಗಿದಳು. ನುಂಗಿದ ಮೇಲೆ ಸೊಸೆಯನ್ನು ನೋಡಿದಳು.

"ನೀನು ನನಗೆ ಮೊದಲು ಮಾಡಿಕೊಟ್ಟ ಸೆಟ್ಟು ನೆನಪಿದೆಯಾ?"

"ಯಾಕೆ ನೆನಪಿಸ್ತೀರಿ ಅತ್ತೆ."

"ಮಾತಾಡಿದ್ರೆ ಟಕ್ ಟಕ್ ಅಂತಿತ್ತು. ಕುದುರೆ ಗಾಡಿ ಬಂತು ಅಂತ ಇವನು ನಗ್ತಿದ್ದ. ನಾನು ಬಿಸಾಕಿದ್ನಾ?"

"ಬಿಸಾಕಿದ್ರಿ. ಕಸದ ಡಬ್ಬಿಯಿಂದ ನಾನೇ ತೆಗೆದೆ."

"ತೆಗೆದು ಸರಿ ಮಾಡಿದ್ಯಲ್ಲ, ಅದೇ ಹೇಳ್ತಿರೋದು." ಅತ್ತೆ ಇನ್ನೊಂದು ಹೋಳು ಬಾಯಿಗೆ ಹಾಕಿಕೊಂಡಳು. "ಆ ಬಣ್ಣದವನು ನಿನ್ನೆಯೂ ಫೋನು ಮಾಡಿದ್ದ, ನಾನೇ ಎತ್ತಿದೆ. ಬರ್ತಾಳೆ ಅಂದೆ."

"ಅತ್ತೆ!"

"ಬೇಡ ಅಂದ್ರೆ ನೀನೇ ಹೇಳ್ಕೋ. ನನಗೆ ಹಲ್ಲಿರ್ಲಿಲ್ಲ, ಬರ್ತಾಳೆ ಅಂದದ್ದು ಅವನಿಗೆ ಅರ್ಥ ಆಯ್ತೋ ಇಲ್ವೋ."

ಶುಕ್ರವಾರ ಸೊಸೆ ಫೋನು ಕೈಗೆತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು. "ನಾಲ್ಕನೇದರಲ್ಲಿ ಕೂತ್ಕೋತೀನಿ," ಎಂದಳು. "ಆದ್ರೆ ಗೆಲ್ತೀನಿ ಅಂತ ಅಲ್ಲ."

"ಅಕ್ಕಾ, ಗೆಲ್ಲಿ ಅಂತ ಯಾರು ಕೇಳಿದ್ರು?" ಎಂದ ಬಣ್ಣದಂಗಡಿಯವನು. ಆ ಮಾತಿಗೆ ಅವಳು ಮನಸಾರೆ ನಕ್ಕಳು.

ಭಾನುವಾರ ಬೆಳಗ್ಗೆ ಅತ್ತೆ, ಸೊಸೆ ಒಂದೇ ಬಸ್ಸು ಹತ್ತಿದರು. ತಂಗಿಯ ಮನೆಗೆ ಹೋಗುವ ದಾರಿಯಲ್ಲೇ ಸಭಾಂಗಣ. ಅತ್ತೆ ಅಲ್ಲಿಯೇ ಇಳಿದಳು.

"ಒಂದು ಸಲ ಆ ಟೇಬಲ್ಲು ನೋಡ್ಕೊಂಡು ಹೋಗ್ತೀನಿ."

ಒಳಗೆ ಸಾಲಾಗಿ ಟೇಬಲ್ಲುಗಳು, ಪ್ಲಾಸ್ಟಿಕ್ ಕುರ್ಚಿಗಳು, ಟಿಕ್‌ಟಿಕ್ ಗಡಿಯಾರಗಳು. ಸೊಸೆ ಬೆರಳು ತೋರಿಸಿದಳು. ಒಂದನೇ ಟೇಬಲ್ಲಿನ ಒಂದು ಕಾಲು ಗಿಡ್ಡವಾಗಿ, ಅದರ ಕೆಳಗೆ ಮಡಚಿದ ರಟ್ಟು ಇಟ್ಟಿದ್ದರು. ಗಾಜಿನ ಲೋಟ ಹೋಗಲಿ, ಕಾಗದದ ಲೋಟವೂ ಇರಲಿಲ್ಲ. ಅತ್ತೆ ಟೇಬಲ್ಲನ್ನು ಒಮ್ಮೆ ಅಲುಗಾಡಿಸಿ ನೋಡಿದಳು.

"ಇದಾ?"

"ಇದೇ."

"ಥೂ," ಎಂದಳು ಅತ್ತೆ. "ಇದಕ್ಕಾ ನಾನು ಅಷ್ಟು ಅನ್ನ ಬೇಯಿಸಿದ್ದು."

ಅಲ್ಲಿ ಕೂತಿದ್ದ ಬಣ್ಣದಂಗಡಿಯವನು ಬೆವರುತ್ತಿದ್ದ. ಎದುರಿಗೆ ಹುಲಿ, ದಪ್ಪ ಕನ್ನಡಕದ ತೆಳ್ಳಗಿನ ಬ್ಯಾಂಕ್ ನೌಕರ, ಆರಾಮವಾಗಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಅತ್ತೆ ಕ್ಯಾಪ್ಟನ್ನಿನ ಕಿವಿಯ ಹತ್ತಿರ ಬಗ್ಗಿ, "ಮ್ಯಾ," ಎಂದು ಹೇಳಿ ಹೊರಟುಹೋದಳು.

ನಾಲ್ಕನೇ ಟೇಬಲ್ಲಿನಲ್ಲಿ ಸೊಸೆಗೆ ಎದುರಾದವನು ಬೇಕರಿಯವನು. ಬೆಳಗಿನ ಜಾವದ ಕೆಲಸ ಮುಗಿಸಿ ನೇರ ಬಂದಿದ್ದ. ತೋಳಿನ ಕೂದಲಲ್ಲಿ ಹಿಟ್ಟು. ಎಂಟನೆಯ ನಡೆಯಲ್ಲಿ ಅವನು ಒಂದು ಆನೆಯನ್ನು ಸುಮ್ಮನೆ ಬಿಟ್ಟುಕೊಟ್ಟ. ಸೊಸೆಗೆ ನಂಬಿಕೆ ಬರಲಿಲ್ಲ. ಇದರಲ್ಲೇನೋ ಮೋಸವಿದೆ ಎಂದು ಬಹಳ ಹೊತ್ತು ನೋಡಿದಳು. ಮೋಸ ಇರಲಿಲ್ಲ. ಅವಳು ಆನೆಯನ್ನು ಎತ್ತಿಕೊಂಡಳು. ಆರು ವರ್ಷದಲ್ಲಿ ಅವಳ ಕೈಗೆ ಬಿಟ್ಟಿ ಸಿಕ್ಕ ಮೊದಲ ಆನೆ. ಅದನ್ನು ಮಂಡಿಯ ಮೇಲೆ ಇಟ್ಟುಕೊಂಡು ಆಡಿದಳು. ಇನ್ನೇನು ಗೆಲುವು ಎನ್ನುವಾಗ, ಆನೆಯ ಸಂತೋಷದಲ್ಲಿ ಮೈಮರೆತು, ತನ್ನ ರಾಣಿಯನ್ನು ಅವನ ಕುದುರೆಯ ಬಾಯಿಗೆ ಒಡ್ಡಿದಳು. ಬೇಕರಿಯವನೂ ಬಹಳ ಹೊತ್ತು ನೋಡಿದ.

"ತಗೊಳ್ಲಾ?" ಎಂದ ಮೆಲ್ಲಗೆ.

"ತಗೊಳ್ಳಿ," ಎಂದಳು. "ತಪ್ಪು ನನ್ನದೇ."

ಆಟ ಮುಗಿದ ಮೇಲೆ ಇಬ್ಬರೂ ಟೀ ಕುಡಿದರು. "ನನಗೂ ಮನೆಯಲ್ಲಿ ಆಟ ಬಿಡು ಅಂತಾರೆ ಮೇಡಂ, ನಾನು ಗೆದ್ದು ಒಂದು ವರ್ಷದ ಮೇಲಾಯ್ತು, ಇವತ್ತು ಅವರ ಬಾಯಿ ಮುಚ್ಚಿಸ್ತೀನಿ," ಎಂದ ಬೇಕರಿಯವನು. ಸೊಸೆ ತನಗೇ ಅರಿವಿಲ್ಲದೆ ಅವನ ಟೀಗೂ ದುಡ್ಡು ಕೊಟ್ಟಳು.

ಮನೆಯ ಬಾಗಿಲು ತೆರೆದಾಗ ಹೊಗೆಯ ವಾಸನೆ. ಗಂಡ ಒಲೆಯ ಮುಂದೆ ನಿಂತಿದ್ದ, ಮಗಳು ಸುಟ್ಟ ಬೇಳೆಯನ್ನು ಇನ್ನೊಂದು ಪಾತ್ರೆಗೆ ಬಗ್ಗಿಸುತ್ತಿದ್ದಳು. ಅತ್ತೆ ಇನ್ನೂ ಬಂದಿರಲಿಲ್ಲ.

"ಏನಾಯ್ತು?" ಎಂದರು ಇಬ್ಬರೂ.

"ಸೋತೆ."

ಆ ಬಾಗಿಲಲ್ಲಿ ನಿಂತು ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಹೇಳಿ ಚಪ್ಪಲಿ ಬಿಟ್ಟಳು, ಕೈ ತೊಳೆದಳು.

"ಎಷ್ಟರಲ್ಲಿ ತಪ್ಪಿತು?" ಎಂದಳು ಮಗಳು.

"ಗೆದ್ದೇ ಬಿಟ್ಟಿದ್ದೆ. ಆಮೇಲೆ ರಾಣೀನ ಕೊಟ್ಟುಬಿಟ್ಟೆ."

"ನಾನೂ ಹಾಗೇ ಮಾಡೋದು. ಇಡೀ ಲೆಕ್ಕ ಸರಿ ಮಾಡಿ ಕೊನೆಗೆ ಮೈನಸ್ಸು ಮರೆತುಬಿಡೋದು." ಮಗಳು ತಟ್ಟೆ ಹಾಕಿದಳು. "ಕೂತ್ಕೋ ಅಮ್ಮಾ. ಬೇಳೆ ಕೆಳಗಡೆದು ತಿನ್ಬೇಡ."

ಅನ್ನ ಮೆತ್ತಗಾಗಿತ್ತು, ಬೇಳೆಯಲ್ಲಿ ಉಪ್ಪಿರಲಿಲ್ಲ. ಸೊಸೆ ಎರಡು ಸಲ ಹಾಕಿಸಿಕೊಂಡು ಉಂಡಳು. ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಆ ಋತುವಿನಲ್ಲಿ ಕಪ್ಪು ಬೇರೆ ತಂಡಕ್ಕೆ ಹೋಯಿತು. ಸೊಸೆ ನಾಲ್ಕನೇ ಟೇಬಲ್ಲಿನಲ್ಲಿ ಒಂದು ಆಟ ಗೆದ್ದಳು, ಒಂದು ಡ್ರಾ ಮಾಡಿದಳು, ಈ ಸಲ ಯಾರಿಗೂ ಜ್ವರ ಇರಲಿಲ್ಲ. ಉಳಿದವೆಲ್ಲ ಸೋತಳು, ಮುಂದಿನ ವರ್ಷಕ್ಕೂ ಹೆಸರು ಕೊಟ್ಟಳು. ಮಗಳು ಗಣಿತದಲ್ಲಿ ನಲವತ್ನಾಲ್ಕು ತೆಗೆದಾಗ ಮನೆಯಲ್ಲಿ ಬೈಯಲು ಯಾರಿಗೂ ಮಾತು ಸಿಗಲಿಲ್ಲ. ತರಕಾರಿಯವನು ಸೌತೆಕಾಯಿ ಜಾಸ್ತಿ ಹಾಕುವುದನ್ನು ನಿಲ್ಲಿಸಿದ. ಎರಡು ಪಾತ್ರೆ ತಳ ಹಿಡಿದು ಎಸೆಯಬೇಕಾಯಿತು. ಅತ್ತೆಯ ಮುಲಾಮು ತಿಂಗಳಿಗೆ ಒಂದು ಟ್ಯೂಬು ಉಳಿಯಿತು, ಅದರ ದುಡ್ಡನ್ನು ಅವಳು ಇಸ್ಪೀಟಿನಲ್ಲಿ ತಂಗಿಗೆ ಸೋತಳು. ಹಸಿರು ಬಣ್ಣವನ್ನು ಗಂಡ ಬಚ್ಚಲುಮನೆಯ ಬಾಗಿಲಿಗೆ ಬಳಿದ. ಚಿಕ್ಕ ಡಬ್ಬಿ, ಬಾಗಿಲಿನ ಮೇಲಿನ ಒಂದು ಗೇಣಿಗೆ ಸಾಲಲಿಲ್ಲ. ಇನ್ನೊಂದು ತರಬೇಕೆಂದು ಯಾರಿಗೂ ಅನ್ನಿಸಲಿಲ್ಲ.